ಶಾಲೆಯ ಬುತ್ತಿ, ಅಂಗಡಿಯ ಪೊಟ್ಟಣ



ಕಡೂರು ತಾಲ್ಲೂಕಿನ ಈ ಸೀಮೆ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದರೂ ಮಲೆನಾಡಿನ ಮಳೆ ಇದಕ್ಕೆ ದಕ್ಕಿಲ್ಲ. ಬಾಬಾಬುಡನ್ ಗಿರಿಶ್ರೇಣಿ ಮುಂಗಾರಿನ ಮೋಡಗಳನ್ನು ಪಶ್ಚಿಮದಲ್ಲೇ ತಡೆದು, ಉಳಿದಷ್ಟನ್ನು ಮಾತ್ರ ಪೂರ್ವದ ಬಯಲಿಗೆ ಬಿಟ್ಟುಕೊಡುತ್ತದೆ. ಆ ಉಳಿಕೆಯ ಮಳೆಯಲ್ಲಿಯೇ ಇಲ್ಲಿಯ ರೈತ ರಾಗಿ, ಕಡಲೆಕಾಯಿ, ಹುರುಳಿ, ಅವರೆ, ಎಳ್ಳು ಬೆಳೆದಿದ್ದಾನೆ. ಬರಗಾಲಗಳ ನಡುವೆ ತೆಂಗನ್ನು ಉಳಿಸಿಕೊಂಡಿದ್ದಾನೆ. ಆದರೆ ಬೆಳಗಿನ ಏಳೂವರೆಗೆ ಶಾಲಾ ವಾಹನ ಹತ್ತುವ ಮಗುವಿನ ಡಬ್ಬಿಯಲ್ಲಿ ಈ ಬೆಳೆಗಳಲ್ಲೊಂದೂ ಕಾಣದ ದಿನಗಳು ಹೆಚ್ಚುತ್ತಿವೆ. ಕ್ರೀಮ್ ಬಿಸ್ಕತ್ತು, ಚಿಪ್ಸ್, ಜಾಮ್ ಸವರಿದ ಬ್ರೆಡ್ಡು, ಬೆಳಿಗ್ಗೆ ಬೇಯಿಸಿ ಮಧ್ಯಾಹ್ನದ ಹೊತ್ತಿಗೆ ಗಂಟಾಗಿರುವ ನೂಡಲ್ಸ್. ಇದರ ಮಾತು ಎದ್ದಾಗಲೆಲ್ಲ ಸಭೆಯ ಕಣ್ಣುಗಳು ತಾಯಂದಿರು ಕುಳಿತ ಕಡೆಗೆ ತಿರುಗುತ್ತವೆ. ಹಾಗೆ ತಿರುಗುವ ಮೊದಲು ಒಂದು ಬೆಳಗಿನ ಲೆಕ್ಕವನ್ನು ನೋಡುವುದು ಒಳ್ಳೆಯದು.

ವಾಹನ ಏಳೂವರೆಗೆ ಬರುತ್ತದೆ. ಊಟದ ಗಂಟೆ ಹೊಡೆಯುವುದು ಒಂದಕ್ಕೆ. ನಡುವೆ ಐದೂವರೆ ತಾಸು. ಮುಚ್ಚಿದ ಡಬ್ಬಿಯಲ್ಲಿ, ಚೀಲದ ಬೆಚ್ಚಗಿನ ಒಳಗೆ ಅಷ್ಟು ಹೊತ್ತು ಇದ್ದೂ ಹಳಸದ, ಸೋರದ, ಗಟ್ಟಿಯಾಗದ, ಮಗು ಹತ್ತು ನಿಮಿಷದಲ್ಲಿ ತಿಂದು ಮುಗಿಸಬಲ್ಲ ಪದಾರ್ಥ ಬೇಕು. ಅದನ್ನು ಮಾಡುವವಳು ನಲ್ಲಿ ನೀರು ಹಿಡಿದು, ಹಾಲು ಕರೆದು ಡೇರಿಗೆ ಹಾಕಿ, ಮಕ್ಕಳಿಗೆ ಸ್ನಾನ ಮಾಡಿಸಿ, ಆಮೇಲೆ ತಾನೂ ಕೂಲಿಗೋ ಅಡಿಕೆ ಸುಲಿಯಲೋ ಹೋಗಬೇಕಾದವಳು. ಪೊಟ್ಟಣ ಈ ಎಲ್ಲ ಪ್ರಶ್ನೆಗಳಿಗೂ ಐದು, ಹತ್ತು ರೂಪಾಯಿಯಲ್ಲಿ ಉತ್ತರ ಕೊಡುತ್ತದೆ. ಇದನ್ನು ಸೋಮಾರಿತನವೆನ್ನುವುದು ಅನ್ಯಾಯ.

ಇದರ ಮಗ್ಗುಲಲ್ಲಿಯೇ ಇನ್ನೊಂದು ಚಿತ್ರವಿದೆ. ಅದೇ ಬೀದಿಯ, ಶುಲ್ಕ ಕಟ್ಟಲಾಗದ ಮನೆಯ ಮಗು ಊರಿನ ಸರ್ಕಾರಿ ಶಾಲೆಗೆ ನಡೆದು ಹೋಗಿ, ಮಧ್ಯಾಹ್ನ ಬಿಸಿ ಅನ್ನ, ತರಕಾರಿ ಬೇಳೆಯ ಸಾರು ಉಣ್ಣುತ್ತದೆ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ಒಣ ಧಾನ್ಯವನ್ನಲ್ಲ, ಬೇಯಿಸಿದ ಊಟವನ್ನೇ ಕೊಡಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೆ ಹಬ್ಬಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಸೇರಿತು. 2024ರಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಬಂದಿತು. ಮೊಟ್ಟೆಯನ್ನು ಅದೇ ವರ್ಷ ವಾರದ ಆರು ದಿನಕ್ಕೆ ವಿಸ್ತರಿಸಲಾಯಿತು. ಐದನೆಯ ತರಗತಿಯವರೆಗಿನ ಮಗುವಿಗೆ ಈ ಊಟದಲ್ಲಿ 450 ಕ್ಯಾಲೊರಿ ಶಕ್ತಿ, 12 ಗ್ರಾಂ ಪ್ರೋಟೀನ್ ಇರಬೇಕೆಂಬುದು ಸರ್ಕಾರದ ಮಾನದಂಡ. 50 ಗ್ರಾಂ ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸಿಗುವುದು ಸುಮಾರು 225 ಕ್ಯಾಲೊರಿ, ಮೂರೂವರೆ ಗ್ರಾಂ ಪ್ರೋಟೀನ್. ಬಿಸಿಯೂಟದ ಅಡುಗೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಸಾರು ನೀರಾದ ದಿನಗಳೂ ಇರುತ್ತವೆ. ಆದರೂ ವರ್ಷಕ್ಕೆ ಹತ್ತಾರು ಸಾವಿರ ಶುಲ್ಕ ತೆತ್ತವರ ಮಗು, ತೆರಲಾಗದವರ ಮಗುವಿಗಿಂತ ಕಳಪೆಯಾದದ್ದನ್ನು, ಅದೂ ತಣ್ಣಗೆ, ತಿನ್ನುತ್ತಿದೆ. ಮಕ್ಕಳಿಗೆ ಹೆಚ್ಚಿನದನ್ನು ಕೊಡಬೇಕೆಂದೇ ಹೊರಟ ಪೋಷಕರ ಪಾಲಿಗೆ ಹೀಗಾಗಿದೆ.

ಈ ಬಿಸಿಯೂಟವೂ ಒಮ್ಮೆ ಪೊಟ್ಟಣಕ್ಕೆ ಜಾರುವ ಅಪಾಯದಲ್ಲಿತ್ತು. 2007–08ರಲ್ಲಿ ಬಿಸ್ಕತ್ತು ತಯಾರಕರ ಸಂಘವು ಶಾಲೆಗಳಲ್ಲಿ ಬೇಯಿಸಿದ ಊಟದ ಬದಲು ಬಿಸ್ಕತ್ತು ಹಂಚಬೇಕೆಂದು ಸಂಸತ್ ಸದಸ್ಯರಿಗೆ ಪತ್ರ ಬರೆಯಿತು. ಹಲವು ಸದಸ್ಯರು ಆ ಪತ್ರವನ್ನು ಬಹುಪಾಲು ಹಾಗೆಯೇ ಎತ್ತಿ ಕೇಂದ್ರ ಮಂತ್ರಿಗೆ ರವಾನಿಸಿದರು. ಪೋಷಣೆಯ ತಜ್ಞರೂ ರಾಜ್ಯಗಳೂ ಒಪ್ಪದಿದ್ದುದರಿಂದ ಆ ಪ್ರಸ್ತಾಪ ಬಿದ್ದುಹೋಯಿತು. ಸರ್ಕಾರಿ ಶಾಲೆಯ ತಟ್ಟೆಯನ್ನು ಕಾಯಲು ನ್ಯಾಯಾಲಯದ ಆದೇಶವೊಂದು ಇತ್ತು. ಖಾಸಗಿ ಶಾಲೆಯ ಮಗುವಿನ ಡಬ್ಬಿಗೆ ಅಂಥ ಕಾವಲಿಲ್ಲ. ಆ ಬಾಗಿಲಿನಿಂದ ಬಿಸ್ಕತ್ತು ಯಾವ ಪತ್ರವನ್ನೂ ಬರೆಯದೆ ಒಳಬಂದಿದೆ.

ಪೊಟ್ಟಣದ ದೋಷವೇನು? 2015ರ ಜೂನ್‌ನಲ್ಲಿ ಮ್ಯಾಗಿ ನೂಡಲ್ಸ್‌ನಲ್ಲಿ ಸೀಸದ ಅಂಶವಿದೆಯೆಂದು ಆಹಾರ ಸುರಕ್ಷತಾ ಪ್ರಾಧಿಕಾರವು ಮಾರಾಟ ನಿಷೇಧಿಸಿದಾಗ ದೇಶವೆಲ್ಲ ಬೆಚ್ಚಿತು. ಆಗಸ್ಟ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ರದ್ದುಪಡಿಸಿತು. ನವೆಂಬರ್‌ನಲ್ಲಿ ಸರಕು ಮತ್ತೆ ಅಂಗಡಿಗೆ ಬಂತು. ವಿಷವಿಲ್ಲವೆಂದು ಗೊತ್ತಾದೊಡನೆ ಎಲ್ಲವೂ ಸರಿಯಿದೆಯೆಂದು ಜನ ನಿರಾಳವಾದರು. ಇಂಥ ಪದಾರ್ಥದಲ್ಲಿ ಸೀಸವೇ ಇಲ್ಲದಿದ್ದರೂ ಉಳಿಯುವುದು ಮೈದಾ, ತಾಳೆಯೆಣ್ಣೆ ಮತ್ತು ಉಪ್ಪು ಎಂಬ ಮಾತನ್ನು ಆಗ ಹೆಚ್ಚು ಜನ ಆಡಲಿಲ್ಲ. ಒಂದು ಸಣ್ಣ ಪೊಟ್ಟಣ ನೂಡಲ್ಸ್‌ನಲ್ಲಿ ಎರಡು ಗ್ರಾಂ ಆಸುಪಾಸು ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೇ ದಿನಕ್ಕೆ ಐದು ಗ್ರಾಂ ಮೀರಬಾರದೆನ್ನುತ್ತದೆ. ಮಕ್ಕಳ ಮಿತಿ ಇನ್ನೂ ಕಡಿಮೆ. ಚೌಳು ನೆಲವನ್ನು ಇಲ್ಲಿಯ ಬೇಸಾಯಗಾರ ಮೇಲೆದ್ದ ಬಿಳಿ ಪದರದಿಂದಲೇ ಗುರುತಿಸುತ್ತಾನೆ. ಪೊಟ್ಟಣದ ಉಪ್ಪು ಹಾಗೆ ಮೇಲೆ ಕಾಣುವುದಿಲ್ಲ. ಸಿಹಿ ಬಿಸ್ಕತ್ತಿನಲ್ಲೂ ಅದಿದೆ.

ಪೊಟ್ಟಣದಲ್ಲಿ ಬಂದುದೆಲ್ಲ ಕೆಟ್ಟದ್ದೆಂದೂ ಅಲ್ಲ. ಹಾಲು ಪ್ಯಾಕೆಟ್ಟಿನಲ್ಲಿಯೇ ಬರುತ್ತದೆ, ಹುರಿಗಡಲೆಯೂ ಬರುತ್ತದೆ. ಬ್ರೆಜಿಲ್ ದೇಶದ ಸಾವೊ ಪೌಲೊ ವಿಶ್ವವಿದ್ಯಾಲಯದ ಕಾರ್ಲೊಸ್ ಮೊಂಟೆರೊ 2009ರಲ್ಲಿ ಈ ಗೊಂದಲಕ್ಕೆ ಒಂದು ದಾರಿ ತೋರಿದರು. ಆಹಾರವನ್ನು ಅದರ ಹೊದಿಕೆಯಿಂದ ಅಳೆಯದೆ, ಕಾರ್ಖಾನೆಯಲ್ಲಿ ಅದಕ್ಕೆ ಏನು ಮಾಡಲಾಗಿದೆ ಎಂಬುದರಿಂದ ಅಳೆಯಬೇಕೆಂಬುದು ಅವರ ವಾದ. ಮನೆಯಲ್ಲಿ ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಪದಾರ್ಥಗಳ ಪಟ್ಟಿಯನ್ನು ಹೆಚ್ಚು ತೂಕದ್ದು ಮೊದಲು ಬರುವಂತೆ ಮುದ್ರಿಸಬೇಕೆಂಬ ನಿಯಮವಿದೆ. ಮೊದಲ ಮೂರು ಹೆಸರುಗಳಲ್ಲಿ ಮೈದಾ, ಸಕ್ಕರೆ, ತಾಳೆಯೆಣ್ಣೆ ಬಂದರೆ, ಮುಂದೆ ಬರೆದಿರುವ ಹಾಲು ಹಣ್ಣು ಜೀವಸತ್ವಗಳ ಮಾತಿಗೆ ಮರುಳಾಗಬೇಕಿಲ್ಲ.

ಕೃಷಿಯ ದೃಷ್ಟಿಯಿಂದ ಈ ಮೂರು ಹೆಸರುಗಳು ಇನ್ನೊಂದು ಕತೆಯನ್ನು ಹೇಳುತ್ತವೆ. ಮೈದಾದ ಗೋಧಿ ಈ ಬಯಲಿನದಲ್ಲ. ತಾಳೆಯೆಣ್ಣೆಯ ಬಹುಭಾಗ ಇಂಡೊನೇಷ್ಯಾ, ಮಲೇಷ್ಯಾಗಳಿಂದ ಬರುತ್ತದೆ. ಜಗತ್ತಿನಲ್ಲಿ ಅದನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತ. ಅಲ್ಲಿ ಮಳೆಕಾಡು ಕಡಿದು ನೆಟ್ಟ ತೋಟದ ಎಣ್ಣೆ ಇಲ್ಲಿ, ಕಡಲೆಕಾಯಿ ಬೆಳೆಯುವವನ ಮಗುವಿನ ಚಿಪ್ಸ್‌ನಲ್ಲಿದೆ. ಆಲೂಗಡ್ಡೆಯಾದರೂ ನೆರೆಯ ಹಾಸನದ್ದಿರಬಹುದೆಂದು ಸಮಾಧಾನಪಡುವಂತಿಲ್ಲ. ಚಿಪ್ಸ್ ಕಾರ್ಖಾನೆಗಳಿಗೆ ಸಕ್ಕರೆಯಂಶ ಕಡಿಮೆಯಿರುವ, ಎಣ್ಣೆಯಲ್ಲಿ ಕಂದಾಗದ ವಿಶೇಷ ತಳಿಗಳು ಬೇಕು. ಹಾಸನದ ರೈತ ಸಂತೆಗೆ ಒಯ್ಯುವ ಕುಫ್ರಿ ಜ್ಯೋತಿ ಅಂಥ ತಳಿಯಲ್ಲ.

ಹಾಗಾದರೆ ಮಕ್ಕಳಿಗೆ ರಾಗಿ ಕೊಡಿ ಎಂದುಬಿಡುವುದು ಸುಲಭ. ವೇದಿಕೆಗಳಿಂದ ಆ ಮಾತು ಧಾರಾಳವಾಗಿ ಬರುತ್ತದೆ. 2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವಾದ ಮೇಲಂತೂ ಇನ್ನೂ ಹೆಚ್ಚು. ಮಾತು ಸುಳ್ಳಲ್ಲ: 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಮೈದಾದಲ್ಲಿರುವುದು 20ರಷ್ಟು. ಆದರೆ ಮುದ್ದೆಯನ್ನು ಡಬ್ಬಿಗೆ ಹಾಕಿ ನೋಡಿದವರಿಗೆ ಕಷ್ಟ ಗೊತ್ತು. ಬಿಸಿಯಲ್ಲಿ ನೀರು ಹೀರಿ ಉಬ್ಬಿದ ಪಿಷ್ಟದ ಕಣಗಳು ಆರುತ್ತಿದ್ದಂತೆ ಮತ್ತೆ ಒತ್ತಾಗಿ ಜೋಡಿಕೊಂಡು ನೀರನ್ನು ಹೊರಗೆ ತಳ್ಳುತ್ತವೆ; ಮುದ್ದೆ ಬಿರಿದು ಗಟ್ಟಿಯಾಗುತ್ತದೆ. ಬಿಸಿ ಸಾರಿನಲ್ಲಿ ಅದ್ದಿ ನುಂಗುವ ಊಟವದು, ಹೊತ್ತೊಯ್ಯುವ ಊಟವಲ್ಲ. ಅದಕ್ಕೆ ತಟ್ಟೆ ಬೇಕು, ಸಾರು ಬೇಕು, ಒಲೆ ಹತ್ತಿರವಿರಬೇಕು. ಇದನ್ನು ತಿಳಿಯದೆ ಹಳೆಯ ಆಹಾರಕ್ಕೆ ಮರಳಿ ಎನ್ನುವ ಉಪದೇಶ ತಾಯಿಗೆ ಇನ್ನೊಂದು ಹೊರೆ, ಮಗುವಿಗೆ ತರಗತಿಯಲ್ಲಿ ಅವಮಾನ. ಗೆಳೆಯರು ನಕ್ಕಾರೆಂದು ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ತಿನ್ನುವ ಮಕ್ಕಳಿದ್ದಾರೆ.

ಹೊಲಕ್ಕೆ ಹೋಗುವವರಿಗೆ, ಸಂತೆ ಜಾತ್ರೆಗೆ ಹೊರಟವರಿಗೆ ಕಟ್ಟಿಕೊಡುತ್ತಿದ್ದ ಬುತ್ತಿಯ ಸಂಪ್ರದಾಯವೇ ಬೇರೆ ಇತ್ತು. ಅದು ಆರಿದ ಮೇಲೆಯೂ ಕೆಡದ ಊಟದ ವಿದ್ಯೆ. ಹುರಿಹಿಟ್ಟನ್ನೇ ನೋಡಬಹುದು. ನೀರು ಚಿಮುಕಿಸಿದ ರಾಗಿಯನ್ನು ಕಾದ ಬಾಣಲೆಯಲ್ಲಿ ಅರಳಿಸಿದಾಗ ಪಿಷ್ಟ ಆಗಲೇ ಬೆಂದಿರುತ್ತದೆ. ತೇವವಿಲ್ಲದ ಕಾರಣ ಮುದ್ದೆಯಂತೆ ಗಟ್ಟಿಯಾಗುವುದಿಲ್ಲ, ವಾರಗಟ್ಟಲೆ ಕೆಡುವುದೂ ಇಲ್ಲ. ಬೆಲ್ಲ, ಕೊಬ್ಬರಿ ತುರಿ, ತುಪ್ಪ ಸೇರಿಸಿ ಕಟ್ಟಿದ ಉಂಡೆಯೊಂದಿಗೆ ಬೇಯಿಸಿದ ಕಡಲೆಕಾಯಿ ಒಂದು ಹಿಡಿ ಇದ್ದರೆ ಯಾವ ಬಿಸ್ಕತ್ತೂ ಸಾಟಿಯಲ್ಲ. ಅನ್ನಕ್ಕೆ ಹಾಲು ಬೆರೆಸಿ ಒಂದೇ ಚಮಚ ಮೊಸರು ಹಾಕಿ ಕಟ್ಟಿದರೆ ಮಧ್ಯಾಹ್ನಕ್ಕೆ ಹದವಾದ ಮೊಸರನ್ನವಾಗುತ್ತದೆ, ಹುಳಿಯಾಗುವುದಿಲ್ಲ. ಉದ್ದು ಬೆರೆಸಿದ ರಾಗಿ ದೋಸೆ, ಕಡಲೆಬೀಜದ ಚಟ್ನಿಪುಡಿ ಸವರಿದ ಚಪಾತಿ, ಬೀಜ ಹಾಕಿದ ಚಿತ್ರಾನ್ನ, ಹುಳಿ ಅವಲಕ್ಕಿ, ಸೋನೆ ಅವರೆಯ ಕಾಲದಲ್ಲಿ ಅದರದೇ ಉಪ್ಪಿಟ್ಟು. ಮೊಳಕೆ ಕಾಳನ್ನು ಮಾತ್ರ ಹಸಿಯಾಗಿ ಕಳುಹಿಸುವುದು ಬೇಡ. ಮುಚ್ಚಿದ ಡಬ್ಬಿಯ ಶೆಕೆಗೆ ಅದು ಬೇಗ ಹಳಸುತ್ತದೆ. ಬೇಯಿಸಿ, ಆರಿಸಿ, ಒಗ್ಗರಿಸಿದ ಉಸಲಿ ನಿಲ್ಲುತ್ತದೆ.

ಇಲ್ಲಿ ಕಡಲೆಕಾಯಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮನೆಯದೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಕೀಳುವ ಹೊತ್ತಿಗೆ ಮಳೆ ಹಿಡಿದು ಕಾಯಿ ಸರಿಯಾಗಿ ಒಣಗದಿದ್ದರೆ ಬೀಜಕ್ಕೆ ಬೂಷ್ಟು ಬರುತ್ತದೆ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ, ಯಕೃತ್ತನ್ನು ಕೆಡಿಸುವ ವಿಷ ಸೇರಿರಬಹುದು. ಮನೆಯಲ್ಲಿ ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಒಳ್ಳೆಯದನ್ನು ಮಾರಿ ಸುಕ್ಕಾದದ್ದನ್ನು ಮನೆಗಿಟ್ಟುಕೊಳ್ಳುವ ರೂಢಿ ಈ ಕಾರಣಕ್ಕೇ ಅಪಾಯಕಾರಿ. ಬೂಷ್ಟು ಹಿಡಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಆರಿಸಿ ಎಸೆಯಬೇಕು. ದನಕ್ಕೆ ಹಾಕಿದರೆ ವಿಷದ ಅಂಶ ಹಾಲಿಗೆ ಬರುತ್ತದೆ.

ಆರಿಸುವುದು, ಕಾಯಿ ತುರಿಯುವುದು, ಬೀಜ ಹುರಿದು ಸಿಪ್ಪೆ ತೆಗೆಯುವುದು, ಉಂಡೆ ಕಟ್ಟುವುದು: ಇವೆಲ್ಲ ಭಾನುವಾರ ಒಂದೆರಡು ತಾಸಿನ ಕೆಲಸ. ಇದಕ್ಕೆ ಹೆಂಗಸಿನ ಕೈಯೇ ಆಗಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಪೇಟೆಯಿಂದ ಮಗುವಿಗೆ ಪ್ರೀತಿಯಿಂದ ಚಿಪ್ಸ್ ತಂದುಕೊಡುವವರು ಹೆಚ್ಚಾಗಿ ತಂದೆಯರೇ. ಉಂಡೆ ಕಟ್ಟಲು ಅವರೂ ಕೂರಬಹುದು. ತಿಂದು ಎಸೆದ ಪೊಟ್ಟಣದ ಕತೆ ಇಲ್ಲಿ ಬೇಡವೆಂದರೂ ಒಂದು ಮಾತು ಹೇಳಲೇಬೇಕು. ಒಳಗೆ ಬೆಳ್ಳಿಬಣ್ಣ ಹೊಳೆಯುವ ಬಹುಪದರದ ಆ ಹಾಳೆಯನ್ನು ಗುಜರಿಯವನೂ ಕೊಳ್ಳುವುದಿಲ್ಲ. 2022ರ ಜುಲೈನಲ್ಲಿ ಜಾರಿಗೆ ಬಂದ ಏಕಬಳಕೆಯ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿಯೂ ಅದು ಸೇರಿರಲಿಲ್ಲ. ಕೊನೆಗೆ ಅದು ಸುಡುವುದು ಶಾಲೆಯ ಹಿಂದಿನ ಗುಂಡಿಯಲ್ಲಿ.

ಮನೆ ಮಾಡಬಹುದಾದದ್ದು ಇಷ್ಟು. ಆದರೆ ಐದೂವರೆ ತಾಸಿನ ಅಂತರವನ್ನು ಮನೆ ಕಿರಿದು ಮಾಡಲಾರದು. ಅದು ಶಾಲೆಯ ಕೈಯಲ್ಲಿದೆ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಖದ ಮೇಲೆಯೇ ಕಪ್ಪು ಮುದ್ರೆ ಒತ್ತಿಸಿ, ಶಾಲೆಯೊಳಗೆ ಅವುಗಳ ಮಾರಾಟವನ್ನು ನಿಲ್ಲಿಸಿತು. ಭಾರತದಲ್ಲಿಯೂ 2020ರ ನಿಯಮಗಳು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಅಂಥವನ್ನು ಮಾರಬಾರದೆನ್ನುತ್ತವೆ. ಮನೆಯಿಂದಲೇ ಡಬ್ಬಿಯಲ್ಲಿ ಬರುವುದನ್ನು ಆ ನಿಯಮ ಮುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ಶಾಲೆಯಲ್ಲೊಂದು ಒಲೆ. ಶುಲ್ಕದಲ್ಲಿ ವಾಹನಕ್ಕೆ, ಸಮವಸ್ತ್ರಕ್ಕೆ, ವಾರ್ಷಿಕೋತ್ಸವಕ್ಕೆ ಪಾಲಿದೆ. ಮಧ್ಯಾಹ್ನದ ಸಾರಿಗೆ ಇಲ್ಲ. ಊರಿನ ಸ್ತ್ರೀಶಕ್ತಿ ಸಂಘಗಳಿಂದ ಊಟ ತರಿಸಿಕೊಳ್ಳುವುದೇ, ಆವರಣದಲ್ಲಿಯೇ ಅಡುಗೆಮನೆ ಕಟ್ಟುವುದೇ, ಮೊದಲ ವರ್ಷ ಕೇವಲ ಬಿಸಿ ಸಾರನ್ನಷ್ಟೇ ಕೊಡುವುದೇ ಎಂಬುದನ್ನು ಆಯಾ ಶಾಲೆಯ ಪೋಷಕರು ಲೆಕ್ಕ ಹಾಕಿ ತೀರ್ಮಾನಿಸಬೇಕಾಗುತ್ತದೆ. ಆಡಳಿತ ಮಂಡಳಿಗಳು ಮುಂದಿನ ವರ್ಷದ ಶುಲ್ಕವನ್ನು ಗೊತ್ತುಮಾಡುವುದು ಬೇಸಿಗೆ ರಜೆಗೆ ಮುಂಚೆ. ಜೂನ್‌ನ ಪೋಷಕರ ಸಭೆಯಲ್ಲಿ ಕೇಳಿದರೆ ಹೊತ್ತು ಮೀರಿರುತ್ತದೆ. ಮಾತು ಫೆಬ್ರುವರಿಯಲ್ಲೇ ಎತ್ತಬೇಕು, ತಂದೆ ತಾಯಿ ಇಬ್ಬರೂ ಹೋಗಿ ಎತ್ತಬೇಕು.