ಮೂಲವೂ ಒಂದು ಘಾತವೇ

ಶಾಲೆಯಲ್ಲಿ ವರ್ಗಮೂಲವನ್ನು ಒಂದು ಪಾಠದಲ್ಲಿ, ಘಾತಾಂಕವನ್ನು ಇನ್ನೊಂದರಲ್ಲಿ ಕಲಿಯುತ್ತೇವೆ. ಎರಡರ ನಿಯಮಗಳನ್ನೂ ಬೇರೆಬೇರೆಯಾಗಿ ಉರುಹೊಡೆಯುತ್ತೇವೆ. ಅಷ್ಟು ಶ್ರಮ ಬೇಕಿಲ್ಲ. ಮೂಲವೆಂಬುದು ಘಾತದ್ದೇ ಇನ್ನೊಂದು ರೂಪ.

ಹೆಬ್ರಿಯ ಕಡೆಯ ಒಂದು ಅಡಿಕೆ ತೋಟವನ್ನು ಊಹಿಸಿಕೊಳ್ಳಿ. ಅಲ್ಲಿ ಉದ್ದ, ಅಗಲ, ಆಳ ಮೂರೂ ಸಮನಾದ ಒಂದು ನೀರಿನ ತೊಟ್ಟಿ. ಹಿಡಿಯುವ ನೀರು 8 ಘನ ಮೀಟರ್, ಅಂದರೆ 8,000 ಲೀಟರ್. ಹಾಗಾದರೆ ತೊಟ್ಟಿಯ ಉದ್ದ 8ರ ಘನಮೂಲ, 2 ಮೀಟರ್. ಈಗ ನೋಡಿ: ಒಂದೇ ಸಂಖ್ಯೆಯ ಘಾತಗಳನ್ನು ಗುಣಿಸುವಾಗ ಘಾತಾಂಕಗಳನ್ನು ಕೂಡುತ್ತೇವೆ. ಈ ಉದ್ದವನ್ನು ಮೂರು ಸಲ ಇಟ್ಟು ಗುಣಿಸಿದರೆ 8, ಎಂದರೆ 8ರ 1ನೇ ಘಾತ ಬರಬೇಕು. ಮೂರು ಸಮಪಾಲು ಕೂಡಿ 1 ಆಗಬೇಕಾದರೆ ಒಂದೊಂದು ಪಾಲೂ 1/3. ಹೀಗೆ ಘನಮೂಲವೆಂದರೆ 1/3ನೇ ಘಾತ; ವರ್ಗಮೂಲವೆಂದರೆ 1/2ನೇ ಘಾತ. ತೊಟ್ಟಿಯ ತಳದ ವಿಸ್ತೀರ್ಣ ಆ ಉದ್ದದ ವರ್ಗ, 8ರ 2/3ನೇ ಘಾತ: 4 ಚದರ ಮೀಟರ್.

ಇದರಿಂದ ಪ್ರಯೋಜನವೇನು ಎನ್ನುತ್ತೀರಾ? ಎರಡು ಪಟ್ಟು ನೀರು ಹಿಡಿಯುವ, ಅದೇ ಆಕಾರದ ತೊಟ್ಟಿ ಕಟ್ಟಿಸುವಾಗ ಮೇಸ್ತ್ರಿ ಒಳಗಿನ ಗಾರೆಗೂ ಎರಡು ಪಟ್ಟು ಸಿಮೆಂಟು ಕೇಳಿದರೆ ಒಪ್ಪಬೇಡಿ. ಗಾರೆಯ ದಪ್ಪ ಹಿಂದಿನಷ್ಟೇ ಇದ್ದರೆ ಬೇಕಾದದ್ದು 2ರ 2/3ನೇ ಘಾತ, ಸುಮಾರು 1.59 ಪಟ್ಟು ಮಾತ್ರ.

ಮೂಲದ ವಿಚಾರ ನಮ್ಮ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಹೆಬ್ರಿಯಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಯ ಮೂಲಕ ಹೋದರೆ ಸಿಗುವ ಹೊಂಬುಜದಿಂದಲೇ 2000ದಲ್ಲಿ ಅದರ ಕನ್ನಡ ಅನುವಾದ ಪ್ರಕಟವಾಯಿತು. ಅವರು ಹೇಳುವ ಎಂಟು ಪರಿಕರ್ಮಗಳಲ್ಲಿ ವರ್ಗದ ಪಕ್ಕದಲ್ಲೇ ವರ್ಗಮೂಲ, ಘನದ ಪಕ್ಕದಲ್ಲೇ ಘನಮೂಲ. (ಸಾಮಾನ್ಯ ಕೂಡುವ ಕಳೆಯುವ ಲೆಕ್ಕಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ, ಓದುಗರಿಗೆ ಬರುತ್ತದೆಂದೇ ಭಾವಿಸಿದ್ದರೋ ಏನೋ!) ಮೂಲವನ್ನು ಭಿನ್ನ ಘಾತಾಂಕವಾಗಿ ಬರೆಯುವ ರೂಢಿ ಬಹಳ ಈಚಿನದು, 1676ರ ಪತ್ರವೊಂದರಲ್ಲಿ ನ್ಯೂಟನ್ ಹಾಗೆ ಬರೆದಿದ್ದಾನೆ.

ಮಹಾವೀರಾಚಾರ್ಯರ ಇನ್ನೊಂದು ಮಾತು ಹೆಚ್ಚು ಮುಖ್ಯ. ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ. ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಮುಂದೆ ಗಣಿತಜ್ಞರು ಅದಕ್ಕೆಂದೇ ಕಲ್ಪಿತ ಸಂಖ್ಯೆಗಳನ್ನು ತಂದರು, ನಿಜ. ಆದರೆ ಎಚ್ಚರಿಕೆ ಇಂದಿಗೂ ಬೇಕು. −8ರ ಘನಮೂಲ −2. 1/3 ಮತ್ತು 2/6 ಒಂದೇ ಭಿನ್ನರಾಶಿ ಅಲ್ಲವೇ? ಆದರೂ −8ನ್ನು ಮೊದಲು ವರ್ಗ ಮಾಡಿ, ಬಂದ 64ರ ಆರನೆಯ ಮೂಲ ತೆಗೆದರೆ ಸಿಗುವುದು +2! ಭಿನ್ನ ಘಾತಾಂಕದ ನಿಯಮಗಳು ನಿಶ್ಚಿಂತೆಯಿಂದ ನಡೆಯುವುದು ಧನಸಂಖ್ಯೆಗಳಲ್ಲಿ ಮಾತ್ರ.