ಕಣ್ತುಂಬಿಕೊಳ್ಳೋಕೆ ಹೊರಟ ಸಂಸಾರ

ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಬೈದರು, ಯಾರು ಯಾವ ಪಕ್ಷಕ್ಕೆ ಹಾರಿದರು, ಅದೆಲ್ಲ ನಾಳೆಯೂ ಇರುತ್ತೆ. ಇವತ್ತು ಒಂದು ಸಂಸಾರದ ವಿಷಯ ಹೇಳ್ತೀನಿ. ಗಂಡ, ಹೆಂಡತಿ, ನಾಲ್ಕು ಮಕ್ಕಳು. ಒಂದು ದಿನ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಪ್ರಪಂಚ ಸುತ್ತೋಕೆ ಹೊರಟೇಬಿಟ್ಟರು. ದುಡ್ಡಿದ್ದೋರು ಹೋಗ್ತಾರೆ, ಅದರಲ್ಲೇನು ವಿಶೇಷ ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ. ಯಾಕೆ ಹೊರಟರು ಅನ್ನೋದನ್ನ ಕೇಳಿಸ್ಕೊಳ್ಳಿ, ಆಮೇಲೆ ಮಾತಾಡೋಣ.

ಇವರದು ಕೆನಡಾದ ಮಾಂಟ್ರಿಯಲ್ ನಗರ. ತಾಯಿ ಎಡಿತ್ ಲೆಮೇ, ತಂದೆ ಸೆಬಾಸ್ಟಿಯನ್ ಪೆಲ್ಟಿಯೆ. ದೊಡ್ಡವಳು ಮಗಳು, ಅವಳ ಬೆನ್ನಿಗೆ ಮೂವರು ಗಂಡುಮಕ್ಕಳು. ಮಗಳಿಗೆ ಮೂರು ವರ್ಷ ಇದ್ದಾಗಲೇ ಕಣ್ಣಲ್ಲಿ ಏನೋ ತೊಂದರೆ ಇದೆ ಅಂತ ಹೆತ್ತವರಿಗೆ ಗೊತ್ತಾಯಿತು. ಅದೇನು ಅಂತ ಖಚಿತವಾಗಿ ತಿಳಿಯೋಕೆ ವರ್ಷಗಳೇ ಬೇಕಾದವು. ಕೊನೆಗೆ ವೈದ್ಯರು ಕಾಯಿಲೆಯ ಹೆಸರು ಹೇಳಿದರು: ರೆಟಿನೈಟಿಸ್ ಪಿಗ್ಮೆಂಟೋಸಾ. ಅಷ್ಟಕ್ಕೇ ಮುಗೀಲಿಲ್ಲ. 2019ರಲ್ಲಿ ಕಿರಿಯ ಇಬ್ಬರು ಗಂಡುಮಕ್ಕಳಿಗೂ ಅದೇ ಕಾಯಿಲೆ ಇರೋದು ಗೊತ್ತಾಯಿತು. ನಾಲ್ಕು ಮಕ್ಕಳಲ್ಲಿ ಪಾರಾದವನು ಒಬ್ಬನೇ.

ಏನಿದು ಕಾಯಿಲೆ? ನಮ್ಮ ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅಂತ ಒಂದು ತೆಳುವಾದ ಪರದೆ ಇದೆ. ಬೆಳಕನ್ನು ಹಿಡಿಯೋ ಜೀವಕೋಶಗಳು ಅದರಲ್ಲಿರುತ್ತವೆ. ಕೆಲವು ಮಬ್ಬುಗತ್ತಲಲ್ಲಿ ನೋಡೋಕೆ, ಅಕ್ಕಪಕ್ಕ ಗಮನಿಸೋಕೆ. ಇನ್ನು ಕೆಲವು ಬಣ್ಣ ಗುರುತಿಸೋಕೆ, ಅಕ್ಷರ ಓದೋಕೆ. ಈ ಕಾಯಿಲೆಯಲ್ಲಿ ಮೊದಲು ಕತ್ತಲಿನ ಕೋಶಗಳು ಸಾಯುತ್ತವೆ. ಮಗುವಿಗೆ ಹಗಲು ಎಲ್ಲ ಕಾಣುತ್ತೆ, ಸಂಜೆಯಾದರೆ ಎಡವುತ್ತೆ. ಆಮೇಲೆ ನೋಟ ಸುತ್ತಲಿಂದ ಕಿರಿದಾಗುತ್ತಾ ಬರುತ್ತೆ, ಕೊಳವೆಯೊಳಗಿಂದ ನೋಡಿದ ಹಾಗೆ. ಬಹಳಷ್ಟು ಜನರಿಗೆ ಕಡೆಗೆ ಆ ಕೊಳವೆಯೂ ಮುಚ್ಚುತ್ತಾ ಹೋಗುತ್ತೆ. ಪ್ರಪಂಚದಲ್ಲಿ ಸುಮಾರು 4000 ಜನರಲ್ಲಿ ಒಬ್ಬರಿಗೆ ಇದು ಇದೆ ಅಂತ ಲೆಕ್ಕ. 2017ರಲ್ಲಿ ಅಮೆರಿಕದಲ್ಲಿ ಒಂದು ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು ನಿಜ, ಆದರೆ ಅದು ಒಂದೇ ಒಂದು ಜೀನಿನ ದೋಷಕ್ಕೆ. ಈ ಕಾಯಿಲೆ ತರೋ ಜೀನುಗಳು ಹತ್ತಾರು ಇವೆ.

ಇದನ್ನು ಕೆನಡಾದವರ ಕಾಯಿಲೆ ಅಂದುಕೊಳ್ಳಬೇಡಿ. ನಮ್ಮಲ್ಲೂ ಇದೆ. ತಂದೆ, ತಾಯಿ ಇಬ್ಬರೂ ಒಂದೇ ದೋಷದ ಜೀನನ್ನು ಒಳಗೇ ಹೊತ್ತಿದ್ದರೆ, ಇಬ್ಬರ ಕಣ್ಣೂ ಚೆನ್ನಾಗೇ ಇರುತ್ತೆ, ಮಗುವಿಗೆ ಮಾತ್ರ ಬರಬಹುದು. ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ರಕ್ತಸಂಬಂಧದಲ್ಲಿ ಮದುವೆಯಾದಾಗ ಆ ಅಪಾಯ ಜಾಸ್ತಿ. ಸೋದರಮಾವನಿಗೇ ಹೆಣ್ಣು ಕೊಡೋ ಪದ್ಧತಿ ಇರೋ ನಾವು ಇದನ್ನು ತಿಳ್ಕೊಂಡಿರಲೇಬೇಕು. ಸಂಜೆ ಹೊತ್ತು ಮಗು ಪದೇ ಪದೇ ಎಡವಿದರೆ, ಕತ್ತಲಲ್ಲಿ ಹೋಗೋಕೆ ಹೆದರಿದರೆ, 'ಕಣ್ಣು ನೆತ್ತಿ ಮೇಲಿದೆಯಾ' ಅಂತ ಬೈಯೋದು ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಕರಕೊಂಡು ಹೋಗಿ. ಎಲ್ಲ ಇರುಳುಗುರುಡೂ ಕ್ಯಾರೆಟ್ ತಿಂದರೆ ವಾಸಿಯಾಗಲ್ಲ.

ಈಗ ಆ ಸಂಸಾರಕ್ಕೆ ಬರೋಣ. ನಿಮ್ಮ ಮಕ್ಕಳ ಕಣ್ಣು ಇನ್ನೆಷ್ಟು ವರ್ಷ ಉಳಿಯುತ್ತೋ ಗೊತ್ತಿಲ್ಲ, ತಡೆಯೋಕೆ ನಮ್ಮ ಹತ್ತಿರ ಔಷಧಿಯೂ ಇಲ್ಲ ಅಂತ ವೈದ್ಯರು ಹೇಳಿದರೆ ನೀವೇನು ಮಾಡ್ತೀರಿ? ಆ ತಾಯಿಯೂ ಮೊದಲು ಮುಂದಿನ ಬದುಕಿಗೆ ಬೇಕಾದ್ದನ್ನೆಲ್ಲ ಕಲಿಸೋ ಬಗ್ಗೆಯೇ ಯೋಚಿಸಿದರು. ಆಗ ತಜ್ಞರೊಬ್ಬರು ಒಂದು ಮಾತು ಹೇಳಿದರಂತೆ: ಮಕ್ಕಳ ಮನಸ್ಸಲ್ಲಿ ನೋಡಿದ ನೆನಪುಗಳನ್ನು ತುಂಬಿ. ಹಾಗಾದರೆ ಆನೆಯನ್ನು ಪುಸ್ತಕದಲ್ಲಿ ಯಾಕೆ ತೋರಿಸಬೇಕು, ನಿಜವಾದ ಆನೆಯನ್ನೇ ತೋರಿಸೋಣ ಅಂತ ತಾಯಿ ನಿರ್ಧಾರ ಮಾಡಿದರು.

ನಮ್ಮ ಭಾಷೆಯಲ್ಲಿ ಒಂದು ಒಳ್ಳೆ ಮಾತಿದೆ, ಕಣ್ತುಂಬಿಕೊಳ್ಳೋದು ಅಂತ. ತೇರು ಕಣ್ತುಂಬಿಕೊಂಡೆ ಅಂತೀವಿ, ದೇವರ ದರ್ಶನ ಆದಾಗ ಅಂತೀವಿ. ಆ ತಾಯಿಗೆ ಕನ್ನಡ ಬರಲ್ಲ. ಆದರೆ ಆ ಮಾತನ್ನು ಅಕ್ಷರಶಃ ಮಾಡಿ ತೋರಿಸಿದ್ದು ಅವರು.

2020ರ ಜುಲೈನಲ್ಲಿ ಹೊರಡೋದು ಅಂತ ತಯಾರಿಯಾಗಿತ್ತು. ಕೊರೋನಾ ಬಂತು. ನಮಗೆಲ್ಲ ಲಾಕ್‌ಡೌನ್ ಅಂದರೆ ಕೆಲಸ ನಿಂತಿತು, ಶಾಲೆ ನಿಂತಿತು. ಅವರಿಗೆ ಏನಾಗಿರಬೇಕು ಯೋಚನೆ ಮಾಡಿ. ಮನೆಯಲ್ಲಿ ಕೂತು ಕಳೆದ ಒಂದೊಂದು ತಿಂಗಳೂ ಮಕ್ಕಳ ಕಣ್ಣಿನ ಲೆಕ್ಕದಿಂದಲೇ ಕಳೆಯೋದು. ಕೊನೆಗೆ 2022ರ ಮಾರ್ಚ್‌ನಲ್ಲಿ ಹೊರಟರು. ಮೊದಲು ಆಫ್ರಿಕಾದ ನಮೀಬಿಯಾ. ಅಲ್ಲಿ ಆನೆ, ಜೀಬ್ರಾ, ಜಿರಾಫೆ ನೋಡಿದರು. ಅಲ್ಲಿಂದ ಜಾಂಬಿಯಾ, ಟಾಂಜಾನಿಯಾ. ಆಮೇಲೆ ಟರ್ಕಿ, ಮಂಗೋಲಿಯಾ, ಇಂಡೋನೇಷ್ಯಾ. ಹೀಗೆ ದೇಶದಿಂದ ದೇಶಕ್ಕೆ ಹೋದರು. ಈ ಪಯಣದ ಮೇಲೆ 'ಬ್ಲಿಂಕ್' ಅನ್ನೋ ಸಾಕ್ಷ್ಯಚಿತ್ರ ಬಂದಿದೆ, 2024ರಲ್ಲಿ. ಬ್ಲಿಂಕ್ ಅಂದರೆ ಕಣ್ಣು ಮಿಟುಕಿಸೋದು.

ಮಕ್ಕಳನ್ನು ಕೇಳಿ ಒಂದು ಆಸೆಪಟ್ಟಿ ಮಾಡಿಕೊಂಡಿದ್ದರು. ದೊಡ್ಡ ಮಗಳಿಗೆ ಕುದುರೆ ಸವಾರಿ ಮಾಡಬೇಕು. ಚಿಕ್ಕವನ ಆಸೆ ಏನು ಗೊತ್ತಾ? ಒಂಟೆ ಮೇಲೆ ಕೂತು ಜ್ಯೂಸ್ ಕುಡಿಯಬೇಕು! ಐಫೆಲ್ ಟವರ್ ಅಲ್ಲ, ಡಿಸ್ನಿಲ್ಯಾಂಡ್ ಅಲ್ಲ, ಒಂಟೆ ಮತ್ತು ಜ್ಯೂಸ್. ಮಕ್ಕಳು ಬೇಡೋದು ಇಂಥದ್ದೇ ಸ್ವಾಮಿ. ಹತ್ತು ದಿನದಲ್ಲಿ ಏಳು ದೇಶ ಅನ್ನೋ ಪ್ಯಾಕೇಜು ಬೇಕಾಗಿರೋದು ನಮಗೆ, ಅವರಿಗಲ್ಲ.

ಎಲ್ಲವೂ ಸುಖವಾಗಿ ನಡೀತು ಅಂತಲೂ ಅಲ್ಲ. ಈಕ್ವೆಡಾರ್ ದೇಶದಲ್ಲಿ ಕಾಡಿನ ಮೇಲೆ ಹೋಗೋ ಕೇಬಲ್ ಕಾರ್ ಮಧ್ಯದಲ್ಲೇ ಕೆಟ್ಟು ನಿಂತು, ಇಡೀ ಸಂಸಾರ ಗಂಟೆಗಟ್ಟಲೆ ಗಾಳಿಯಲ್ಲಿ ನೇತಾಡಿತು. ಮೂವರು ಮಕ್ಕಳಿಗೆ ಕತ್ತಲಾದರೆ ಕಾಣಲ್ಲ ಅನ್ನೋದನ್ನು ನೆನಪಿಟ್ಟುಕೊಂಡು ಆ ದೃಶ್ಯ ಊಹಿಸಿ. ಅದಕ್ಕಿಂತ ಕಷ್ಟ ಇನ್ನೊಂದಿತ್ತು. ಐದು ವರ್ಷದ ಕಿರಿಯವನು ಕೇಳ್ತಾನೆ: ಕುರುಡು ಅಂದರೇನು? ನಾನು ಕಾರ್ ಓಡಿಸ್ತೀನಾ? ಆ ಪ್ರಶ್ನೆಗೆ ಯಾವ ಊರಿನಲ್ಲಿ ನಿಂತು ಉತ್ತರ ಹೇಳಿದರೂ ಒಂದೇ. ಪ್ರಪಂಚ ಸುತ್ತಿದರೆ ಆ ಕಾಯಿಲೆ ಒಂದು ದಿನವೂ ಮುಂದಕ್ಕೆ ಹೋಗಲ್ಲ. ಇದು ಹೆತ್ತವರಿಗೆ ಗೊತ್ತಿತ್ತು, ಗೊತ್ತಿದ್ದೇ ಹೊರಟರು.

ಸರಿ, ನಿಮ್ಮ ಪ್ರಶ್ನೆಗೆ ಬರ್ತೀನಿ. ದುಡ್ಡು? ಹೌದು, ಅವರ ಹತ್ತಿರ ಉಳಿತಾಯ ಇತ್ತು. ತಂದೆ ಕೆಲಸ ಮಾಡ್ತಿದ್ದ ಕಂಪನಿಯಲ್ಲಿ ಅವರ ಷೇರುಗಳಿದ್ದವು, ಆ ಕಂಪನಿಯನ್ನು ಬೇರೆಯವರು ಕೊಂಡಾಗ ಹಣ ಬಂತು. ಆ ಅದೃಷ್ಟ ಎಲ್ಲರಿಗೂ ಇರಲ್ಲ. ಸಾಲ ಮಾಡಿ ಪ್ರಪಂಚ ಸುತ್ತಿ ಅಂತ ನಾನು ಹೇಳೋಕೆ ಕೂತಿಲ್ಲ. ಶಾಲೆ? ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಬೇಕಾದರೆ 75 ಪರ್ಸೆಂಟ್ ಹಾಜರಾತಿ ಬೇಕು. ವರ್ಷಗಟ್ಟಲೆ ಮಕ್ಕಳನ್ನು ಶಾಲೆ ಬಿಡಿಸಿ ಕರಕೊಂಡು ಹೋಗೋದು ಇಲ್ಲಿ ಸುಲಭ ಇಲ್ಲ. ಒಪ್ಪಿದೆ.

ಆದರೆ ದುಡ್ಡೇ ಅಡ್ಡಿ ಅನ್ನೋರಿಗೆ ಒಂದು ಮಾತು, ಮತ್ತು ಇದು ನನ್ನ ತಪ್ಪೊಪ್ಪಿಗೆಯೂ ಹೌದು. 2023ರ ಜೂನ್ 11ಕ್ಕೆ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಧರ್ಮಸ್ಥಳಕ್ಕೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಕಂಡಕಂಡ ಊರಿಗೆ ಬಸ್ಸು ತುಂಬಿ ಹೊರಟರು. ನಾವು ಟೀವಿಯವರು ಏನು ತೋರಿಸಿದ್ವಿ? ನೂಕುನುಗ್ಗಲು ತೋರಿಸಿದ್ವಿ. ಸೀಟಿಗೆ ಜಗಳ ತೋರಿಸಿದ್ವಿ. ನಾನೂ ಇದೇ ಕುರ್ಚಿಯಲ್ಲಿ ಕೂತು ನಗಾಡಿದೆ. ಯೋಜನೆಯ ಖರ್ಚಿನ ಬಗ್ಗೆ, ಸಾರಿಗೆ ನಿಗಮಗಳ ನಷ್ಟದ ಬಗ್ಗೆ ಪ್ರಶ್ನೆ ಕೇಳೋದು ನನ್ನ ಕೆಲಸ, ಅದನ್ನು ಇನ್ನೂ ಕೇಳ್ತೀನಿ. ಆದರೆ ಆ ಬಸ್ಸಿನಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಕಿಟಕಿ ಆಚೆ ಬೆರಳು ತೋರಿಸ್ತಿದ್ದ ಒಬ್ಬ ತಾಯಿಯನ್ನಾದರೂ, 'ಅಮ್ಮಾ, ಈ ಮಗುವಿನ ಜೊತೆ ಊರು ಬಿಟ್ಟು ಹೊರಗೆ ಬಂದಿದ್ದು ಇದು ಎಷ್ಟನೇ ಸಲ' ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ಉಳ್ಳವರು ಮಕ್ಕಳನ್ನು ಕರಕೊಂಡು ಹೋದರೆ ಪ್ರವಾಸ, ಇಲ್ಲದವರು ಹೋದರೆ ನೂಕುನುಗ್ಗಲಾ?

ಇನ್ನು ದುಡ್ಡೂ ಇದ್ದು, ಗಾಡಿಯೂ ಇದ್ದು ಹೋಗದೇ ಇರೋರ ವಿಷಯ. ದೂರದ ಉದಾಹರಣೆ ಬೇಡ, ನಂದೇ ಹೇಳ್ತೀನಿ.

ನನ್ನ ಮಗಳು ಆಗ ನಾಲ್ಕನೇ ಕ್ಲಾಸು. ಹೊಸ ಐವತ್ತು ರೂಪಾಯಿ ನೋಟು ಬಂದಿತ್ತು. ಹಿಂಭಾಗದಲ್ಲಿ ಹಂಪಿಯ ಕಲ್ಲಿನ ರಥ. ಅದನ್ನು ಹಿಡ್ಕೊಂಡು ಬಂದು, 'ಅಪ್ಪಾ, ಇದು ನಮ್ಮ ಕರ್ನಾಟಕದಲ್ಲೇ ಇದೆಯಂತೆ, ಹೋಗೋಣ' ಅಂದಳು. ಹೋಗೋಣ ಪುಟ್ಟಾ, ಎಲೆಕ್ಷನ್ ಮುಗೀಲಿ ಅಂದೆ. ಅದು 2018, ವಿಧಾನಸಭೆ ಚುನಾವಣೆ. ಚುನಾವಣೆ ಮುಗೀತು, ಸರ್ಕಾರ ರಚನೆ ಶುರುವಾಯಿತು. 2019ಕ್ಕೆ ಲೋಕಸಭೆ ಚುನಾವಣೆ. ಅದು ಮುಗಿಯೋ ಹೊತ್ತಿಗೆ ರಾಜ್ಯದಲ್ಲಿ ಸರ್ಕಾರ ಬಿತ್ತು, ನಾನು ಹಗಲೂ ರಾತ್ರಿ ಸ್ಟುಡಿಯೋದಲ್ಲಿ. 2020ಕ್ಕೆ ಕೊರೋನಾ. ಬೆಂಗಳೂರಿಂದ ಹಂಪಿಗೆ ಒಂದು ರಾತ್ರಿ ಪ್ರಯಾಣ, ಅಷ್ಟೇ. ಅದಕ್ಕೆ ನನಗೆ ರಾತ್ರಿಯೇ ಸಿಗಲಿಲ್ಲ.

ಒಂದು ದಿನ ಅವಳ ಶಾಲೆಯವರೇ ಹಂಪಿಗೆ ಕರಕೊಂಡು ಹೋದರು. ನಾನು ಬುಲೆಟಿನ್‌ಗೆ ತಯಾರಾಗ್ತಿದ್ದೆ, ಮೊಬೈಲ್‌ಗೆ ಒಂದು ಫೋಟೋ ಬಂತು. ರಥದ ಮುಂದೆ ನಿಂತಿದ್ದಾಳೆ, ಕೈಯಲ್ಲಿ ಐವತ್ತು ರೂಪಾಯಿ ನೋಟು. 'ಅಪ್ಪಾ, ಅದೇ ಇದು' ಅಂತ ಬರೆದಿದ್ದಳು. ನಾನೇನು ಮಾಡಿದೆ? ಹೆಬ್ಬೆಟ್ಟು ಒತ್ತಿದೆ. ಆಮೇಲೆ ಹೋಗಿ ಕ್ಯಾಮೆರಾ ಮುಂದೆ ಕೂತು, ನಾಡಿನ ಜನತೆಗೆ ಬುದ್ಧಿ ಹೇಳಿದೆ.

ನನ್ನ ಮಗಳ ಕಣ್ಣಿಗೆ ಏನೂ ಆಗಿಲ್ಲ, ದೇವರ ದಯೆ. ಹಂಪಿ ಎಲ್ಲಿಗೂ ಹೋಗಿಲ್ಲ. ಆದರೆ ನೋಟು ಹಿಡ್ಕೊಂಡು ಅಪ್ಪನ ಹತ್ತಿರ ಓಡಿ ಬರೋ ಒಂಬತ್ತು ವರ್ಷದ ಆ ಹುಡುಗಿ ಈಗಿಲ್ಲ. ಈಗಿರೋಳು ಕಾಲೇಜಿಗೆ ಹೋಗ್ತಾಳೆ, ಗೆಳತಿಯರ ಜೊತೆ ಹೋಗ್ತೀನಿ ಅಂತಾಳೆ, ನನ್ನನ್ನು ಏನೂ ಕೇಳಲ್ಲ. ಮಾಂಟ್ರಿಯಲ್‌ನ ಆ ದಂಪತಿಗೆ ಅವಧಿ ಮುಗೀತಾ ಇದೆ ಅಂತ ಡಾಕ್ಟರು ಬರೆದುಕೊಟ್ಟಿದ್ದರು. ನಮಗೆ ಯಾರೂ ಬರೆದುಕೊಡಲ್ಲ, ಅಷ್ಟೇ ವ್ಯತ್ಯಾಸ. ಅವಧಿ ನಮಗೂ ಇದೆ. ಮಗುವಿಗೆ ನಮ್ಮ ಜೊತೆಯಲ್ಲೇ ನೋಡಬೇಕು ಅನ್ನಿಸೋ ಕಾಲ ಹತ್ತು ಹನ್ನೆರಡು ವರ್ಷ. ಆಮೇಲೆ ನಾವು ಕರೆದರೂ ಅವರು ಬರಲ್ಲ, ಬಂದರೂ ಮೊಬೈಲ್ ನೋಡ್ತಾ ಕೂರ್ತಾರೆ.

ಆ ತಾಯಿ ಇನ್ನೊಂದು ವಿಷಯ ಹೇಳಿದ್ದಾರೆ. ಮನೆಯಲ್ಲಿ ನಲ್ಲಿ ನೀರು ಬರೋದು, ದಿನಾ ಶಾಲೆಗೆ ಹೋಗೋದು, ಕೈಯಲ್ಲಿ ಬಣ್ಣದ ಪುಸ್ತಕ ಇರೋದು, ಇವೆಲ್ಲ ಎಷ್ಟು ದೊಡ್ಡ ಭಾಗ್ಯ ಅಂತ ಮಕ್ಕಳು ನೋಡಿ ತಿಳೀಲಿ ಅನ್ನೋದು ಅವರ ಆಸೆ. ಮುಂದೆ ಕಣ್ಣು ಹೋಗಬಹುದು ಅಂತ ಗೊತ್ತಿರೋ ಮಕ್ಕಳಿಗೆ, ನೀವು ಅದೃಷ್ಟವಂತರು ಅಂತ ಕಲಿಸೋ ತಾಯಿ ಆಕೆ. ಎರಡೂ ಕಣ್ಣು ಚೆನ್ನಾಗಿರೋ ನಮ್ಮ ಮಕ್ಕಳಿಗೆ ನಾವು ಕಲಿಸ್ತಿರೋದು ಏನು? ಪಕ್ಕದ ಮನೆಯವನಿಗೆ ಎಷ್ಟು ಮಾರ್ಕ್ಸ್ ಬಂತು ನೋಡು ಅಂತ.

ಪ್ರಪಂಚ ಸುತ್ತಬೇಕಿಲ್ಲ. ನಿಮ್ಮ ತಾಲ್ಲೂಕಲ್ಲಿ ಒಂದು ಕೆರೆ ಇರುತ್ತೆ, ಹಳೇ ಕೋಟೆ ಇರುತ್ತೆ, ಊರ ಜಾತ್ರೆ ಇರುತ್ತೆ. ಮೊಬೈಲ್ ಮನೆಯಲ್ಲೇ ಬಿಟ್ಟು ಮಗುವಿನ ಕೈ ಹಿಡ್ಕೊಂಡು ಹೋಗಿ. ಏನು ನೋಡಬೇಕು ಅನ್ನೋದನ್ನ ಮಗುವೇ ಹೇಳಲಿ. ಒಂಟೆ, ಜ್ಯೂಸ್ ಅಂದರೂ ಸರಿ, ನಗಬೇಡಿ.

ಮೊನ್ನೆ 'ಬ್ಲಿಂಕ್' ನೋಡಿದ ಮೇಲೆ ಮಗಳ ರೂಮಿಗೆ ಹೋಗಿ, 'ಪುಟ್ಟಾ, ಪರೀಕ್ಷೆ ಮುಗಿದ ಮೇಲೆ ಎಲ್ಲಾದರೂ ಹೋಗೋಣ, ಎಲ್ಲಿಗೆ ಅಂತ ನೀನೇ ಹೇಳು' ಅಂದೆ. ಪುಸ್ತಕದಿಂದ ತಲೆ ಎತ್ತಿ ನನ್ನನ್ನೇ ಒಂದು ಕ್ಷಣ ನೋಡಿದಳು. ಆಮೇಲೆ, 'ಯಾಕಪ್ಪಾ, ಎಲೆಕ್ಷನ್ ಏನೂ ಇಲ್ವಾ?' ಅಂದಳು.

ರಜೆಗೆ ಅರ್ಜಿ ಕೊಟ್ಟಿದ್ದೀನಿ. ಅಷ್ಟು ದಿನ ಈ ಕುರ್ಚಿಯಲ್ಲಿ ಬೇರೆಯವರು ಇರ್ತಾರೆ.