ಕೈಬಿಟ್ಟ ಕುರಿ

ರಾಜಾಜಿನಗರದ ನವರಂಗ್ ಚಿತ್ರಮಂದಿರದ ಮುಂದೆ ಹಾದುಹೋಗುವಾಗ ನನಗೆ ನನ್ನ ಹಳೆಯ ಪಾಠವೊಂದು ನೆನಪಾಗಿ ಸಂಕೋಚವಾಗುತ್ತದೆ. ತೆರೆಗೆ ಬಂದ ಕಾದಂಬರಿ ಕೆಟ್ಟೇ ತೀರುತ್ತದೆಂದು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಹೇಳಿದವನು ನಾನು.

ಅಮೆರಿಕದ ಫಿಲಿಪ್ ಕೆ. ಡಿಕ್ 1968ರಲ್ಲಿ ಯಂತ್ರಮಾನವರನ್ನು ಕುರಿತು ಒಂದು ಕಾದಂಬರಿ ಬರೆದರು. ಅಲ್ಲಿ ಪ್ರಾಣಿಗಳು ಬಹುಮಟ್ಟಿಗೆ ಅಳಿದಿವೆ. ನಿಜವಾದ ಕುರಿಯನ್ನು ಕೊಳ್ಳಲಾರದ ನಾಯಕ ವಿದ್ಯುತ್ ಕುರಿಯೊಂದನ್ನು ಸಾಕಿಕೊಂಡು ಮಾನ ಉಳಿಸಿಕೊಂಡಿದ್ದಾನೆ. ರಿಡ್ಲಿ ಸ್ಕಾಟ್ 1982ರಲ್ಲಿ ಅದನ್ನು ‘ಬ್ಲೇಡ್ ರನ್ನರ್’ ಚಿತ್ರವಾಗಿಸಿದಾಗ ಆ ಕುರಿಯನ್ನೇ ಕೈಬಿಟ್ಟರು! ಉಳಿದದ್ದು ಬಿಡದ ಮಳೆ, ನಿಯಾನ್ ದೀಪ, ಜನಜಂಗುಳಿ. ಮೊದಲ ಸಲ ನೋಡಿದಾಗ ನನಗೆ ಸಿಟ್ಟೇ ಬಂದಿತ್ತು.

ಎರಡನೆಯ ಸಲ ಬೇರೊಂದು ಕಂಡಿತು. ಕಾದಂಬರಿಯ ಯಂತ್ರಮಾನವರು ಜೇಡವೊಂದರ ಕಾಲುಗಳನ್ನು ನಿರ್ವಿಕಾರವಾಗಿ ಕತ್ತರಿಸುತ್ತಾರೆ. ಕರುಣೆ ಅವರಿಗೆ ತಿಳಿಯದು. ಚಿತ್ರದಲ್ಲಿಯಾದರೋ, ಸಾಯುತ್ತಿರುವ ಯಂತ್ರಮಾನವನು ತನ್ನನ್ನು ಕೊಲ್ಲಬಂದವನನ್ನೇ ಕೈಹಿಡಿದು ಮೇಲೆತ್ತುತ್ತಾನೆ. ಪ್ರಶ್ನೆ ಒಂದೇ, ಉತ್ತರ ತಿರುಗಿದೆ. ನಿರ್ದೇಶಕನು ಕಾದಂಬರಿಕಾರನೊಡನೆ ವಾದಕ್ಕಿಳಿದಿದ್ದಾನೆ. ಅದಕ್ಕೆ ಅವನಿಗೆ ಅಧಿಕಾರವುಂಟೆಂದು ಈಗ ಒಪ್ಪುತ್ತೇನೆ.

ನಮ್ಮ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ತೆರೆಗೆ ತರಬಯಸುವವರಿಗೂ ಈ ಸ್ವಾತಂತ್ರ್ಯವಿರಲಿ. ಹಾರುವ ಓತಿಯನ್ನು ಇಂದು ಕಂಪ್ಯೂಟರೇ ಹಾರಿಸೀತು. ಮಂದಣ್ಣನ ಪೆದ್ದುತನದೊಳಗಿನ ಜಾಣ್ಮೆಯನ್ನು ತೋರಬಲ್ಲ ನಟನನ್ನು ಮಾತ್ರ ಅವರು ಮೊದಲೇ ಹುಡುಕಿಟ್ಟುಕೊಳ್ಳಲಿ.